ಬೇಲಿಯಾಚೆಯ ಹೆಪ್ಪು

ನಮ್ಮ ಕಾಪುವಿನ ಕಡೆ ಮಳೆಗಾಲದಲ್ಲಿ ಮೊಸರು ಕೈಕೊಡುವುದುಂಟು. ಲೋಳೆಯಾಗಿ, ನೂಲುನೂಲಾಗಿ, ನೆಂಟರಿಗೆ ಬಡಿಸಲು ನಾಚಿಕೆಯಾಗಬೇಕು. ಆಗ ಲೋಟ ಹಿಡಿದು ಬೇಲಿಯಾಚೆಯ ಮನೆಗೆ ಹೋಗಿ ಒಂದು ಚಮಚ ಹೆಪ್ಪು ತರುತ್ತೇವೆ. ಮರುದಿನ ಪಾತ್ರೆ ತುಂಬ ಗಟ್ಟಿ ಮೊಸರು. ಇದನ್ನು ಯಾರೂ ವಿಜ್ಞಾನವೆನ್ನುವುದಿಲ್ಲ.

ಕಾರ್ಕಳದ ನನ್ನ ತಂಗಿಯ ಮೊಮ್ಮಗನಿಗೆ ಏಳು ವರ್ಷ. ರಕ್ತದ ಕ್ಯಾನ್ಸರೆಂದು ಮಣಿಪಾಲದಲ್ಲಿ ಚಿಕಿತ್ಸೆ ಶುರುವಾಯಿತು. ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಗುಡ್ಡ ಹತ್ತುವ ಇನ್ನೊಂದು. ಬಟ್ಟೆಬರೆ ತಲುಪಿಸುವುದು ನನ್ನ ಪಾಲಿನ ಕೆಲಸ. ಕ್ಯಾನ್ಸರಿನ ಔಷಧಿ ಮೈಯ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಜ್ವರ ಬಂದರೆ ಆ್ಯಂಟಿಬಯಾಟಿಕ್ ಕೊಡದೆ ವಿಧಿಯಿಲ್ಲ. ಹುಡುಗನಿಗೆ ಜ್ವರ ಬಿಟ್ಟಿತು, ಭೇದಿ ಹಿಡಿಯಿತು. ಔಷಧಿಗೆ ನಿಂತದ್ದು ಮೂರು ವಾರಕ್ಕೆ ಮರಳಿತು. ಮತ್ತೆ ನಿಂತು ಮತ್ತೆ ಬಂತು.

ಸಿ. ಡಿಫಿಸಿಲ್ ಎಂಬ ರೋಗಾಣು ಅದು. 1935ರಲ್ಲಿ ಅದನ್ನು ಮೊದಲು ಗುರುತಿಸಿದ್ದು ಎಳೆಗೂಸುಗಳ ಮಲದಲ್ಲಿ. ಬೆಳೆಸಲು ಕಷ್ಟವಾದ್ದರಿಂದ ಆ ಹೆಸರು. ಕರುಳಿನಲ್ಲಿ ನೂರಾರು ಬಗೆಯ ಒಳ್ಳೆಯ ಜೀವಾಣುಗಳಿದ್ದರೆ ಇದಕ್ಕೆ ಜಾಗ ಸಿಗುವುದಿಲ್ಲ. ಆ್ಯಂಟಿಬಯಾಟಿಕ್ ಅವನ್ನು ಕೊಂದು ಅಂಗಳ ಖಾಲಿ ಮಾಡಿದಾಗ ಕಳೆಯಂತೆ ಏಳುತ್ತದೆ. ಇದಕ್ಕೆ ಕೊಡುವ ವ್ಯಾಂಕೊಮೈಸಿನ್ ಅಳಿದುಳಿದ ಒಳ್ಳೆಯವನ್ನೂ ಹೊಡೆಯುತ್ತದೆ, ಕಳೆಯ ಬೀಜಾಣು ಮಾತ್ರ ಉಳಿಯುತ್ತದೆ. ಮೊಸರು ತಿನ್ನಿಸಿ ಎಂದವರಿಗೆ ಲೆಕ್ಕವಿಲ್ಲ. ಮೊಸರಿನಲ್ಲಿರುವುದು ಕೆಲವೇ ಬಗೆ, ಕಾಡನ್ನು ತುಳಸಿಕಟ್ಟೆಯಿಂದ ತುಂಬಿಸಲಾದೀತೇ?

ಕಾಡನ್ನೇ ತಂದು ನೆಡುವ ಚಿಕಿತ್ಸೆಯೊಂದಿದೆ. ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಕದಡಿ, ಸೋಸಿ ರೋಗಿಯ ಕರುಳಿಗೆ ಸೇರಿಸುವುದು. ಕೇಳಿದ್ದೇ ತಂಗಿ "ಶಿವ ಶಿವ" ಎಂದು ಸೆರಗು ಮೂಗಿಗೆ ಹಿಡಿದಳು. ದಿನಕ್ಕೆ ಹತ್ತು ಸಲ ಮಗನ ಬಟ್ಟೆ ಬದಲಿಸುತ್ತಿದ್ದ ಅವಳ ಸೊಸೆ ಮಾತ್ರ, "ನನ್ನದೇ ತೆಗೆದುಕೊಳ್ಳಲಿ" ಎಂದಳು. ಮಕ್ಕಳನ್ನು ತೊಳೆದು ಬೆಳೆಸಿದ ನಮಗೆ ಈ ಹೇಸಿಗೆ ಎಷ್ಟು ಹೊತ್ತು ಉಳಿದೀತು!

ಹೊಸತೂ ಅಲ್ಲ. ಚೀನಾದ ಗೆ ಹಾಂಗ್ 4ನೇ ಶತಮಾನದಲ್ಲೇ ವಿಪರೀತ ಭೇದಿಗೆ ಇದನ್ನು ಹೇಳಿದ್ದ. 1958ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಡಾ. ಐಸ್ಮನ್ ನಾಲ್ವರಿಗೆ ಮಾಡಿದರು. 2013ರ ನೆದರ್ಲೆಂಡ್ಸಿನ ಅಧ್ಯಯನದಲ್ಲಿ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ವ್ಯಾಂಕೊಮೈಸಿನ್ ಮಾತ್ರ ಪಡೆದ 13ರಲ್ಲಿ ನಾಲ್ವರು.

ಆದರೆ ಇವರೆಲ್ಲ ದೊಡ್ಡವರು. ರೋಗನಿರೋಧಕ ಶಕ್ತಿ ಕುಗ್ಗಿದವರ ಬಗ್ಗೆ 2014ರಲ್ಲಿ ಪ್ರಕಟವಾದ ವರದಿಯಲ್ಲಿ 80 ರೋಗಿಗಳಿದ್ದರು, ಮಕ್ಕಳು ಐದೇ. ಹೆಚ್ಚಿನವರು ಗುಣವಾದರೆಂಬುದು ನಿಜ. 2019ರಲ್ಲಿ ಅಮೆರಿಕದಲ್ಲಿ ಒಬ್ಬನೇ ದಾನಿಯ ಮಲದಿಂದ ಇಂಥ ಇಬ್ಬರಿಗೆ ಔಷಧಿಗೆ ಬಗ್ಗದ ಸೋಂಕು ತಗಲಿತು. ಒಬ್ಬರು ತೀರಿಕೊಂಡರು. ದಾನಿ ಗಟ್ಟಿಮುಟ್ಟಾಗಿಯೇ ಇದ್ದ. ಆ ಒಂದು ರೋಗಾಣುವಿಗಾಗಿ ಯಾರೂ ಪರೀಕ್ಷಿಸಿರಲಿಲ್ಲ. 2022, 2023ರಲ್ಲಿ ಅಲ್ಲಿನ ಸರಕಾರ ಒಪ್ಪಿದ ಎರಡು ಸಿದ್ಧೌಷಧಗಳೂ 18 ತುಂಬಿದವರಿಗೆಂದೇ.

ವೈದ್ಯರು ಸೊಸೆಯನ್ನು ಕುಳ್ಳಿರಿಸಿ ಇದನ್ನೆಲ್ಲ ಹೇಳಿದರು. "ನೀವು ತಿಂಗಳುಗಟ್ಟಲೆ ವಾರ್ಡಿನಲ್ಲಿದ್ದೀರಿ. ಆಸ್ಪತ್ರೆಯ ರೋಗಾಣು ನಿಮ್ಮ ಹೊಟ್ಟೆಯಲ್ಲೂ ಮನೆ ಮಾಡಿರಬಹುದು" ಎಂದರಂತೆ. ರಕ್ತ ಕೊಡುವೆನೆಂದಾಗಲೂ ಅಳದವಳು ಅಂದು ಅತ್ತಳು. ಪಕ್ಕ ಬಿಟ್ಟು ಕದಲದೆ ಕೂತದ್ದೇ ಅವಳನ್ನು ಅನರ್ಹಳನ್ನಾಗಿ ಮಾಡಿತ್ತು. ಅದಕ್ಕೆ ನನ್ನಲ್ಲಿ ಸಮಾಧಾನದ ಮಾತಿರಲಿಲ್ಲ. ಬೆನ್ನು ಸವರಿದೆ, ಅಷ್ಟೆ.

ಕೊನೆಗೆ ವ್ಯಾಂಕೊಮೈಸಿನ್ನನ್ನೇ ವಾರಗಟ್ಟಲೆ ಕೊಟ್ಟು, ಮೆಲ್ಲಮೆಲ್ಲನೆ ಇಳಿಸುತ್ತ ಬಂದರು. ಈ ಸಲ ಭೇದಿ ಮರಳಲಿಲ್ಲ. ಮತ್ತೆ ಬಂದರೆ ಆ ದಾರಿಯೂ ಇದೆ, ಸರಿಯಾದ ದಾನಿ ಸಿಗಬೇಕು ಎಂದಿದ್ದಾರೆ.

ಕಾರ್ಕಳದ ಮನೆಗೆ ನೋಡಲು ಬಂದವರೆಲ್ಲ ಬಾಗಿಲಲ್ಲೇ ಸ್ಯಾನಿಟೈಸರ್ ಬಾಟಲಿ ತೆಗೆಯುತ್ತಾರೆ. ಆ ಬೀಜಾಣು ಸ್ಪಿರಿಟ್ಟಿಗೆ ಸಾಯುವುದಿಲ್ಲ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದೇ ಕಳೆಯಬೇಕು. ಸೊಸೆ ಮಾತನಾಡುವುದಿಲ್ಲ, ಅಂಗಳದ ನಳ್ಳಿ ತಿರುಗಿಸಿ, ಸಾಬೂನು ಕೈಗೆ ಕೊಟ್ಟು, ತೊಳೆದು ಮುಗಿಯುವವರೆಗೆ ಎದುರಲ್ಲೇ ನಿಲ್ಲುತ್ತಾಳೆ.