ಹಳೇ ಕಾರು, ಹಳೇ ಗುಮಾನಿ

ಲಾಸ್ ಏಂಜಲೀಸ್ ನಗರದ ಮಧ್ಯಭಾಗದಿಂದ ದಕ್ಷಿಣದ ಲಾಂಗ್ ಬೀಚ್‌ಗೆ ಒಂದು ವಿದ್ಯುತ್ ರೈಲು ಓಡುತ್ತದೆ. ದೂರ ಸುಮಾರು 35 ಕಿಲೋಮೀಟರ್. ಇದು 1990ರ ಜುಲೈ 14ರಂದು ಆರಂಭವಾಯಿತು. ಆದರೆ ದಾರಿ ಹೊಸದಲ್ಲ. ಬಹುಮಟ್ಟಿಗೆ ಇದೇ ಜಾಡಿನಲ್ಲಿ 1961ರವರೆಗೆ ಪೆಸಿಫಿಕ್ ಎಲೆಕ್ಟ್ರಿಕ್ ಕಂಪನಿಯ ಕೆಂಪು ಟ್ರಾಮುಗಳು ಓಡುತ್ತಿದ್ದವು. ಅವು ನಿಂತುಹೋಗಿ 29 ವರ್ಷವಾದ ಮೇಲೆ ಅಲ್ಲೇ ಮತ್ತೆ ರೈಲು ಓಡತೊಡಗಿತು.

ಆ ರೈಲು ಶುರುವಾದ ಬೇಸಿಗೆಯಲ್ಲೇ ಈ ಊರಿನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಯೂನೊಕಾಲ್ ಎಂಬ ತೈಲ ಕಂಪನಿ ಹಳೇ ಕಾರುಗಳನ್ನು ಕೊಳ್ಳತೊಡಗಿತು. 1971ಕ್ಕಿಂತ ಹಿಂದಿನ ಮಾದರಿಯಾಗಿರಬೇಕು, ಈ ಪ್ರದೇಶದಲ್ಲೇ ನೋಂದಣಿಯಾಗಿರಬೇಕು, ತಳ್ಳಿಕೊಂಡು ಬರದೆ ಓಡಿಸಿಕೊಂಡು ಬರಬೇಕು. ಅಂಥ ಕಾರಿಗೆ 700 ಡಾಲರ್. ಕೊಂಡ ಕಾರನ್ನು ಮರುಮಾರಾಟ ಮಾಡುವಂತಿಲ್ಲ, ಜಜ್ಜಿ ಗುಜರಿಗೆ ಹಾಕುವುದು. ಮೊದಲು 7,000 ಕಾರುಗಳ ಗುರಿಯಿತ್ತು. ಫೋರ್ಡ್ ಕಂಪನಿ ಮತ್ತಿತರರೂ ಹಣ ಸೇರಿಸಿದ್ದರಿಂದ ಕೊನೆಗೆ 8,376 ಕಾರುಗಳು ಪುಡಿಯಾದವು.

"ಪೆಟ್ರೋಲ್ ಮಾರುವವನು ಪೆಟ್ರೋಲ್ ಕುಡಿಯುವ ಕಾರನ್ನು ದುಡ್ಡು ಕೊಟ್ಟು ಯಾಕೆ ಕೊಲ್ಲಿಸ್ತಾನೆ, ಮೇಷ್ಟ್ರೇ?" ನಮಗೆ ಊರು ತೋರಿಸುತ್ತಿದ್ದ ಮಿತ್ರರು ಕೇಳಿದ ಪ್ರಶ್ನೆ ಇದು. ಮೂವತ್ತು ವರ್ಷಗಳ ಹಿಂದೆ ಆ ಊರಿನವರೂ ಇದನ್ನೇ ಕೇಳಿದ್ದರು. ಹಳೇ ಕಾರುಗಳನ್ನು ಮಕ್ಕಳಂತೆ ಸಾಕುವ ಹವ್ಯಾಸಿಗಳಂತೂ ರೇಗಿಬಿದ್ದಿದ್ದರು. ನಾಳೆ ಬಿಡಿಭಾಗಕ್ಕೆ ಎಲ್ಲಿ ಹೋಗೋಣ ಎಂಬುದು ಅವರ ಸಂಕಟ.

ಉತ್ತರ ಹುಡುಕಬೇಕಾದರೆ ಮೊದಲು ಈ ಊರಿನ ನೆಲವನ್ನು ನೋಡಬೇಕು. ಒಂದು ಕಡೆ ಪೆಸಿಫಿಕ್ ಸಾಗರ, ಉತ್ತರ ಪೂರ್ವಗಳಲ್ಲಿ ಬೆಟ್ಟದ ಸಾಲು, ನಡುವೆ ಬಟ್ಟಲಿನಂಥ ಬಯಲು. ಸಮುದ್ರದ ಕಡೆಯಿಂದ ಬರುವ ತಂಪು ಗಾಳಿ ಕೆಳಗೆ ಕೂರುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕವಿಯುತ್ತದೆ. ಕೆಳಗಿನ ಹೊಗೆ ಮೇಲೇರಲಾರದು. 1542ರಲ್ಲಿ ಇಲ್ಲಿಗೆ ಹಡಗಿನಲ್ಲಿ ಬಂದ ಕಾಬ್ರಿಯೊ ಎಂಬ ನಾವಿಕ, ಸ್ಥಳೀಯರು ಹಾಕಿದ ಬೆಂಕಿಯ ಹೊಗೆ ಕಂಡು ಸಾನ್ ಪೆಡ್ರೊ ಕೊಲ್ಲಿಗೆ ಹೊಗೆಯ ಕೊಲ್ಲಿ ಎಂದೇ ಹೆಸರಿಟ್ಟನಂತೆ. ಆಗಿನ್ನೂ ಒಂದೂ ಕಾರಿರಲಿಲ್ಲ!

ಕಾರುಗಳು ಬಂದ ಮೇಲೆ ಕಣ್ಣುರಿಸುವ ಹೊಗೆಮಂಜು ಬಂತು. ಅದರ ಗುಟ್ಟು ಬಿಡಿಸಿದವರು ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ. ಹಾಲೆಂಡಿನಿಂದ ಬಂದವರು, ಅನಾನಸ್ ಹಣ್ಣಿನ ಪರಿಮಳದ ಮೇಲೆ ಕೆಲಸ ಮಾಡುತ್ತಿದ್ದವರು. ಅರೆಬರೆ ಉರಿದ ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಜೋನ್ ಹುಟ್ಟುತ್ತದೆಂದು ಅವರು 1950ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. ನಿಯಂತ್ರಣವೇ ಇಲ್ಲದ 1960ರ ದಶಕದ ಕಾರೊಂದು ಮೈಲಿಗೆ ಹತ್ತಿರ ಹತ್ತಿರ 10 ಗ್ರಾಂ ಹೈಡ್ರೋಕಾರ್ಬನ್ ಉಗುಳುತ್ತಿತ್ತು. ವೇಗವರ್ಧಕ ಡಬ್ಬಿ, ಅಂದರೆ ಕೆಟಲಿಟಿಕ್ ಕನ್ವರ್ಟರ್, 1975ರ ಮಾದರಿಗಳಲ್ಲಿ ಬಂತು. 1981ರ ಹೊಸ ಕಾರಿಗೆ ಅಮೆರಿಕದಲ್ಲಿ ಇದ್ದ ಮಿತಿ 0.41 ಗ್ರಾಂ. ಅಂದಮೇಲೆ ಹಳೆಯದೊಂದನ್ನು ರಸ್ತೆಯಿಂದ ಎತ್ತಿದರೆ ಗಾಳಿಗೆ ಲಾಭವಿದೆ ಎಂಬ ವಾದದಲ್ಲಿ ಸುಳ್ಳಿಲ್ಲ. ಬಡಪಾಯಿ ಮಾಲೀಕನಿಗೂ ಕೈಗೆ ನಾಲ್ಕು ಕಾಸು ಬಂತು.

ಆದರೂ ಈ ಊರಿಗೆ ಕಂಪನಿಗಳು ಹಳೆಯದನ್ನು ಕೊಳ್ಳುತ್ತವೆ ಎಂದರೆ ಗುಮಾನಿ. ಅದಕ್ಕೆ ಆ ಟ್ರಾಮುಗಳೇ ಕಾರಣ. 1945ರಲ್ಲಿ ನ್ಯಾಷನಲ್ ಸಿಟಿ ಲೈನ್ಸ್ ಎಂಬ ಕಂಪನಿಯ ಬಳಗ ನಗರದ ಹಳದಿ ಟ್ರಾಮುಗಳ ಸಂಸ್ಥೆಯನ್ನು ಕೊಂಡಿತು. ಅದರ ಬೆನ್ನಿಗೆ ಹಣ ಹಾಕಿದ್ದವರು ಬಸ್ಸು, ಟೈರು ಮತ್ತು ತೈಲ ಮಾರುವವರು: ಜನರಲ್ ಮೋಟಾರ್ಸ್, ಫೈರ್‌ಸ್ಟೋನ್, ಮುಂದೆ ಶೆವ್ರಾನ್ ಎನಿಸಿದ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯ. 1949ರಲ್ಲಿ ನ್ಯಾಯಾಲಯ ಇವರನ್ನು ತಪ್ಪಿತಸ್ಥರೆಂದಿತು. ದಂಡ ಕಂಪನಿಗೆ 5,000 ಡಾಲರ್. ಜನರಲ್ ಮೋಟಾರ್ಸ್‌ನ ಖಜಾಂಚಿಗೆ ಹಾಕಿದ್ದು ಒಂದೇ ಒಂದು ಡಾಲರ್! ಇಲ್ಲೊಂದು ಮಾತನ್ನು ಸರಿಯಾಗಿ ತಿಳಿಯಬೇಕು. ತೀರ್ಪು ಬಂದದ್ದು ಆ ಸಾರಿಗೆ ಸಂಸ್ಥೆಗಳಿಗೆ ಬಸ್ಸು, ಎಣ್ಣೆ, ಟೈರು ಪೂರೈಸುವುದರಲ್ಲಿ ಏಕಸ್ವಾಮ್ಯದ ಒಳಸಂಚು ನಡೆಸಿದ್ದಕ್ಕೆ. ಟ್ರಾಮು ಕೊಂದದ್ದಕ್ಕೆ ಅಲ್ಲ. ಟ್ರಾಮುಗಳು ಆ ಮೊದಲೇ ಕಾರುಗಳ ದಟ್ಟಣೆಯಲ್ಲಿ ಸಿಕ್ಕಿ ನಷ್ಟದಲ್ಲಿ ತೆವಳುತ್ತಿದ್ದವು. ಕೆಂಪು ಟ್ರಾಮುಗಳು ಆ ಬಳಗದ ಕೈಗೆ ಹೋಗಲೇ ಇಲ್ಲ. ಆದರೆ ಜನರ ಬಾಯಲ್ಲಿ ಇಷ್ಟೆಲ್ಲ ವಿವರ ಉಳಿಯುವುದುಂಟೇ? 1988ರಲ್ಲಿ ಈ ಕತೆಯ ನೆರಳಿನಲ್ಲಿ ಒಂದು ಹಾಲಿವುಡ್ ಚಿತ್ರವೂ ಬಂತು. ಅದು ಮಕ್ಕಳೂ ನೋಡಿರಬಹುದಾದ ಮೊಲ ರೋಜರನ ಚಿತ್ರ.

ಹೀಗೆ ಹಳೇ ಗುಮಾನಿ ಬೇರೂರಿದ್ದ ನೆಲದಲ್ಲಿ 1993ರಲ್ಲಿ ಹೊಸ ನಿಯಮವೊಂದು ಬಂತು. ಪ್ರದೇಶದ ವಾಯುಗುಣ ಮಂಡಳಿ ತಂದ ಆ ನಿಯಮದ ಸಂಖ್ಯೆ 1610. ಕಾರ್ಖಾನೆಯೊಂದು ತನ್ನ ಹೊಗೆಯನ್ನು ತಗ್ಗಿಸುವ ಬದಲು ಹಳೇ ಕಾರುಗಳನ್ನು ಕೊಳ್ಳಿಸಿ ಜಜ್ಜಿಸಿದರೆ, ಅಷ್ಟು ಮಾಲಿನ್ಯ ತಪ್ಪಿತೆಂದು ಅದರ ಖಾತೆಗೆ ಜಮಾ! ಗಣಿತದ ಮೇಷ್ಟರ ಕಣ್ಣಿಗೆ ಇದು ಕೂಡು-ಕಳೆ ಲೆಕ್ಕ. ವಿಜ್ಞಾನದವನಿಗೆ ಮಾತ್ರ ಒಂದೆರಡು ತಕರಾರುಗಳಿವೆ. ಕಾರು ಇನ್ನೂ ಮೂರು ವರ್ಷ ಓಡುತ್ತಿತ್ತೆಂದು ಹಿಡಿದು ಜಮಾ ಕೊಟ್ಟಿರೆಂದಿಟ್ಟುಕೊಳ್ಳಿ. ಅದು ಹೇಗೂ ಆರು ತಿಂಗಳಲ್ಲಿ ಗುಜರಿ ಸೇರುವುದಿದ್ದರೆ? ಮನೆಯ ಹಿಂದೆ ಹುಲ್ಲು ಬೆಳೆದು ನಿಂತಿದ್ದನ್ನು ಅಂದೇ ಉಜ್ಜಿ, ಬ್ಯಾಟರಿ ಹಾಕಿ ತಂದಿದ್ದರೆ? ಓಡದ ಕಾರಿನ ಹೊಗೆ ಸೊನ್ನೆ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಅಮೆರಿಕ ಸಂಸತ್ತಿನ ತಂತ್ರಜ್ಞಾನ ಮೌಲ್ಯಮಾಪನ ಕಚೇರಿ 1992ರಲ್ಲಿ ಹಳೇ ಕಾರುಗಳ ನಿವೃತ್ತಿಯ ಕುರಿತು ಪ್ರಕಟಿಸಿದ ವರದಿಯೂ, ಉಳಿದ ಆಯುಸ್ಸನ್ನು ಅಂದಾಜು ಮಾಡುವುದೇ ಕಷ್ಟವೆಂಬುದನ್ನು ಗುರುತಿಸಿತ್ತು.

ಇನ್ನೊಂದು ತಕರಾರು ತಿಳಿಯಬೇಕಾದರೆ ಬಂದರಿನ ಕಡೆಗೆ, ವಿಲ್ಮಿಂಗ್ಟನ್‌ಗೆ ಹೋಗಬೇಕು. ಸಾಧಾರಣ ಮನೆಗಳು, ಬೇಲಿಯಾಚೆ ತೈಲದ ಟ್ಯಾಂಕುಗಳು, ಕೊಳವೆಗಳು, ದೂರದಲ್ಲಿ ವಿನ್ಸೆಂಟ್ ಥಾಮಸ್ ತೂಗುಸೇತುವೆಯ ಹಸಿರು ಗೋಪುರಗಳು. ನಿವಾಸಿಗಳಲ್ಲಿ ಹೆಚ್ಚಿನವರು ಲ್ಯಾಟಿನ್ ಅಮೆರಿಕ ಮೂಲದ ದುಡಿಯುವ ಜನ. ಗಾಳಿ ತಿರುಗಿದಾಗ ಪೆಟ್ರೋಲ್ ಬಂಕಿನಲ್ಲಿ ನಿಂತ ವಾಸನೆ. ಖಾಲಿ ಸೀಮೆಎಣ್ಣೆ ಡಬ್ಬಕ್ಕೆ ಎಣ್ಣೆ ಸುರಿದರೆ ಒಳಗಿನ ಆವಿ ಬುಸ್ಸೆಂದು ಹೊರಬರುತ್ತದಲ್ಲವೇ? ತೈಲದ ಹಡಗಿಗೆ ತುಂಬುವಾಗಲೂ ಅದೇ ಆಗುತ್ತದೆ. ಆ ಆವಿಯಲ್ಲಿ ಬೆಂಜೀನ್ ಇರುತ್ತದೆ. ಅದು ಕ್ಯಾನ್ಸರ್‌ಕಾರಕ. ಅದನ್ನು ಕೊಳವೆಯಲ್ಲಿ ಹಿಂದಕ್ಕೆಳೆದು ಹಿಡಿಯುವ ಯಂತ್ರಗಳಿವೆ, ದುಬಾರಿ. ಯೂನೊಕಾಲ್, ಶೆವ್ರಾನ್, ಅಲ್ಟ್ರಾಮಾರ್, ಜಿಎಟಿಎಕ್ಸ್ ಕಂಪನಿಗಳು ಆ ಯಂತ್ರ ಹಾಕದೆ ಹಳೇ ಕಾರಿನ ಜಮಾ ತೋರಿಸಿದವೆಂದು ಕಮ್ಯುನಿಟೀಸ್ ಫಾರ್ ಎ ಬೆಟರ್ ಎನ್ವಿರಾನ್‌ಮೆಂಟ್ ಎಂಬ ಸಂಘಟನೆ 1997ರಲ್ಲಿ ಕಾನೂನಿನ ಮೊರೆ ಹೋಯಿತು. ಕೆಲವು ಗುಜರಿಯವರು ಕಾರಿನ ಮೈ ಜಜ್ಜಿ ಎಂಜಿನ್ನನ್ನು ಮಾರಿಕೊಳ್ಳುತ್ತಿದ್ದರೆಂಬ ಆರೋಪವೂ ಕೇಳಿಬಂತು.

ಕಾರು ಊರೆಲ್ಲ ಸುತ್ತುತ್ತದೆ. ಅದರ ಹೊಗೆ ಇಡೀ ಬಯಲಿಗೆ ಹಂಚಿಹೋಗುತ್ತದೆ. ಹಡಗುಕಟ್ಟೆ ಎಲ್ಲಿಗೂ ಹೋಗುವುದಿಲ್ಲ. ಬಯಲಿಗೆಲ್ಲ ಸೇರಿ ಹೊಗೆ ಒಂದು ಟನ್ ಇಳಿದು, ಕಟ್ಟೆಯ ಪಕ್ಕದ ನಾಲ್ಕು ಬೀದಿಗಳಲ್ಲಿ ಒಂದು ಟನ್ ಆವಿ ಹಾಗೇ ಉಳಿದರೆ ಪುಸ್ತಕದಲ್ಲಿ ಲೆಕ್ಕ ಸರಿ. ಆ ನಾಲ್ಕು ಬೀದಿಯವರ ಶ್ವಾಸಕೋಶಕ್ಕೆ ಸರಿಯಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಕಾರು ಕೊಂಡದ್ದರಲ್ಲಿ ತಪ್ಪಿಲ್ಲ. ಕೊಂಡದ್ದನ್ನು ಇನ್ನೊಂದರ ಬದಲಿಗೆ ಚಲಾಯಿಸಿದ್ದೇ ತಪ್ಪು. ಹವ್ಯಾಸಿಗಳು ಗುಮಾನಿ ಪಟ್ಟದ್ದು ಕಾರಿನ ಮೇಲೆ, ನೋಡಬೇಕಾಗಿದ್ದದ್ದು ರಸೀತಿಯನ್ನು.

ನಮ್ಮಲ್ಲೂ 2021ರಲ್ಲಿ ವಾಹನ ಗುಜರಿ ನೀತಿ ಬಂದಿದೆ. ನೋಂದಾಯಿತ ಕೇಂದ್ರಕ್ಕೆ ಹಳೇ ವಾಹನ ಒಪ್ಪಿಸಿದರೆ ಪ್ರಮಾಣಪತ್ರ ಸಿಗುತ್ತದೆ. 2025ರ ಏಪ್ರಿಲ್‌ನಿಂದ ವಾಹನ ತಯಾರಕರೂ ಇಂಥ ಕೇಂದ್ರಗಳ ಪ್ರಮಾಣಪತ್ರ ಕೊಂಡು ಲೆಕ್ಕ ತೋರಿಸಬೇಕು. ನಮ್ಮದು ಮುಖ್ಯವಾಗಿ ಉಕ್ಕಿನ ಲೆಕ್ಕ, ಅವರದು ಹೊಗೆಯದು. ಆದರೂ ಆ ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆಂದು ವಿದ್ಯಾರ್ಥಿಗಳು ಒಮ್ಮೆ ಪತ್ತೆಹಚ್ಚಿ ನೋಡಬಹುದು. ಒಳ್ಳೆಯ ಪ್ರಾಜೆಕ್ಟು.

ವಿಲ್ಮಿಂಗ್ಟನ್ನಿನ ಯೂನೊಕಾಲ್ ಶುದ್ಧೀಕರಣಾಗಾರದಲ್ಲಿ ಚೆಂಡಿನಾಕಾರದ ದೊಡ್ಡ ತೈಲದ ಟ್ಯಾಂಕೊಂದಿತ್ತು. 1952ರಿಂದ ಅದಕ್ಕೆ ಪ್ರತಿ ಅಕ್ಟೋಬರ್‌ನಲ್ಲಿ ಕಿತ್ತಳೆ ಬಣ್ಣ ಬಳಿದು, ಕಣ್ಣು ಬಾಯಿ ಬರೆದು ನಗುವ ಕುಂಬಳಕಾಯಿ ಮಾಡುವ ಪದ್ಧತಿ ಶುರುವಾಯಿತು. ಮಕ್ಕಳಿಗೆ ಅದೊಂದು ಜಾತ್ರೆ. 1997ರಲ್ಲಿ ಆ ಶುದ್ಧೀಕರಣಾಗಾರ ಬೇರೆಯವರ ಪಾಲಾಯಿತು. 2005ರಲ್ಲಿ ಯೂನೊಕಾಲ್ ಕಂಪನಿಯೇ ಶೆವ್ರಾನ್‌ನಲ್ಲಿ ಕರಗಿತು. ಮಾಲೀಕರು ಬದಲಾದರೂ ಬಣ್ಣ ಬಳಿಯುವುದು ಮುಂದುವರಿಯಿತು. 2024ರ ಅಕ್ಟೋಬರ್‌ನಲ್ಲಿ ಆಗಿನ ಮಾಲೀಕರಾದ ಫಿಲಿಪ್ಸ್ 66 ಕಂಪನಿ, ಮುಂದಿನ ವರ್ಷ ಶುದ್ಧೀಕರಣಾಗಾರವನ್ನು ಮುಚ್ಚುವುದಾಗಿ ಪ್ರಕಟಿಸಿತು.