ನಮ್ಮವ್ವನ ಹಿಡಿರಾಗಿ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವಾಡಿಕೆಯಂತೆ ಛಂದಸ್ಸನ್ನೋ ಷಟ್ಪದಿ ಕಾವ್ಯವನ್ನೋ ಕುರಿತು ನಾಲ್ಕು ಪುಟ ಬರೆದುಕೊಡೋಣವೆಂದು ಕುಳಿತೆನು. ಲೇಖನಿ ಮುಂದೆ ಸಾಗಲಿಲ್ಲ. 2021ರ ಶ್ರಾವಣದಲ್ಲಿ ಲಿಂಗೈಕ್ಯಳಾದ ನಮ್ಮವ್ವನ ನೆನಪು ಅಡ್ಡ ಬಂದು ನಿಂತಿತು. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆಕೆಯ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾದುದಿಲ್ಲ. ಏಳು ಮಕ್ಕಳನ್ನು ಹೆತ್ತು, ಹದಿನಾರು ಮೊಮ್ಮಕ್ಕಳನ್ನು ಎತ್ತಿ ಆಡಿಸಿ, ಯಲಹಂಕದ ಮಗ್ಗುಲಿನ ಒಂದು ಹಳ್ಳಿಯಲ್ಲಿ ತುಂಬು ಬಾಳನ್ನು ಬಾಳಿದ ಒಕ್ಕಲು ಹೆಣ್ಣುಮಗಳು. ಆದರೂ ನಾನು ಗುರುಗಳ ಸನ್ನಿಧಿಯಲ್ಲಿ ಓದಿದ ಶಾಸ್ತ್ರಕ್ಕೆ ಅರ್ಥ ಹೇಳಿದವಳು ಆಕೆಯೇ. ಅದನ್ನು ತಿಳಿಯಲು ನನಗೆ ನಲವತ್ತು ವರ್ಷ ಹಿಡಿಯಿತೆಂಬುದನ್ನು ಸಂಕೋಚವಿಲ್ಲದೆ ಹೇಳಿಬಿಡುತ್ತೇನೆ.

ಆಕೆಯ ಹುಟ್ಟಿದ ದಿನವನ್ನು ಬರೆದಿಟ್ಟವರಿಲ್ಲ. "ಗಾಂಧಿಯವರು ಮೊದಲ ಸಲ ನಂದಿಬೆಟ್ಟಕ್ಕೆ ಬಂದಾಗ ನಾನು ತೊಟ್ಟಿಲ ಕೂಸಂತೆ" ಎನ್ನುತ್ತಿದ್ದಳು. ಮಹಾತ್ಮರು ದೇಹಾಲಸ್ಯದಿಂದ ನಂದಿಯಲ್ಲಿ ವಿಶ್ರಾಂತಿಗೆಂದು ತಂಗಿದ್ದುದು 1927ರ ಬೇಸಿಗೆಯಲ್ಲಿ. ಆ ಲೆಕ್ಕದಂತೆ ಆಕೆ ಬಾಳಿದ್ದು ತೊಂಬತ್ತನಾಲ್ಕು ವರ್ಷ. ಹದಿನಾಲ್ಕು ತುಂಬುವ ಮೊದಲೇ ಮದುವೆಯಾಗಿ ನಮ್ಮ ಮನೆಯನ್ನು ತುಂಬಿದಳು. ಕಡೆಯ ಮಗನಾದ ನಾನು ಹುಟ್ಟುವ ಹೊತ್ತಿಗೆ ಆಕೆಯ ತಲೆ ಅಲ್ಲಲ್ಲಿ ನೆರೆತಿತ್ತು.

ಕೋಳಿ ಕೂಗುವ ಮೊದಲೇ ಆಕೆ ಏಳುವಳು. ಸ್ನಾನವಾಗಿ, ಹಣೆಗೆ ವಿಭೂತಿ ಧರಿಸಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಕುಳಿತರೆ ಪೂಜೆ ಮುಗಿಯುವವರೆಗೆ ಗುಟುಕು ನೀರನ್ನೂ ಮುಟ್ಟುವವಳಲ್ಲ. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಗಳಿಗೊಮ್ಮೆ ವೈಮಾನಿಕ ಪ್ರದರ್ಶನ ನಡೆಯತೊಡಗಿದ ಮೇಲೆ, ಆ ದಿನಗಳಲ್ಲಿ ನಮ್ಮ ಸೂರೇ ಕಿತ್ತುಹೋಗುವಂತೆ ಯುದ್ಧವಿಮಾನಗಳು ಮೊರೆಯುತ್ತಿದ್ದವು. ಮೊಮ್ಮಕ್ಕಳು ಕಿವಿ ಮುಚ್ಚಿಕೊಂಡು ಅಂಗಳಕ್ಕೆ ಓಡುತ್ತಿದ್ದರು. ಅಜ್ಜಿಯ ಅಂಗೈ ಮಾತ್ರ ಅಲುಗುತ್ತಿರಲಿಲ್ಲ.

ಪೂಜೆಯಾದ ಮೇಲೆ ಆಕೆಯ ಮೊದಲ ಕೆಲಸ ಒಂದಿತ್ತು. ಆ ಕಾಲದಲ್ಲಿ ನಮ್ಮದು ಎರಡು ಎಕರೆ ಖುಷ್ಕಿ ಜಮೀನು. ಬೆಳೆದ ರಾಗಿ ಹಗೇವಿನಲ್ಲಿಯೂ ಮಣ್ಣಿನ ವಾಡೆಯಲ್ಲಿಯೂ ಇರುತ್ತಿತ್ತು. ಅಂದಂದಿನ ಹಿಟ್ಟಿಗೆ ಬೇಕಾದಷ್ಟನ್ನು ಮೊರಕ್ಕೆ ಸುರಿದುಕೊಂಡು, ಬೀಸುವ ಕಲ್ಲಿಗೆ ಹಾಕುವ ಮುನ್ನ, ಅದರಿಂದ ಒಂದು ಹಿಡಿಯನ್ನು ತೆಗೆದು ಮೂಲೆಯಲ್ಲಿದ್ದ ಗಡಿಗೆಗೆ ಹಾಕುವಳು. ಸುಗ್ಗಿಯೇ ಇರಲಿ, ಮಳೆ ಕೈಕೊಟ್ಟು ಮನೆಮಂದಿಯೆಲ್ಲ ಅರೆಹೊಟ್ಟೆಯಲ್ಲಿದ್ದ ವರ್ಷವೇ ಇರಲಿ, ಆ ಹಿಡಿ ತಪ್ಪುತ್ತಿರಲಿಲ್ಲ. ವರ್ಷಕ್ಕೆ ಹದಿನೈದು ಸೇರು ಆಗುತ್ತಿತ್ತೋ ಏನೋ. ಮಹಾಶಿವರಾತ್ರಿಯ ವೇಳೆಗೆ ಸಿದ್ಧಗಂಗೆಯ ಜಾತ್ರೆ ಕೂಡಿದಾಗ ಆ ಗಂಟು ದಾಸೋಹಕ್ಕೆ ಸಲ್ಲುತ್ತಿತ್ತು. ಜಾತ್ರೆಯಲ್ಲಿ ನಮ್ಮ ತಂದೆಯವರು ಎತ್ತುಗಳ ಹಲ್ಲು ನೋಡುತ್ತ ಸುತ್ತುತ್ತಿದ್ದರೆ, ಅವ್ವ ತನ್ನ ಗಂಟನ್ನು ಮಠದ ಉಗ್ರಾಣದಲ್ಲಿ ಒಪ್ಪಿಸಿ, ರಶೀದಿಯನ್ನೂ ಕೇಳದೆ ಬಂದು ಮರದ ನೆರಳಿನಲ್ಲಿ ಕುಳಿತಿರುತ್ತಿದ್ದಳು.

ನನಗೆ ಹತ್ತು ತುಂಬಿದಾಗ, 1978ರಲ್ಲಿ, ನನ್ನನ್ನು ಅದೇ ಮಠದ ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಯಶವಂತಪುರದಲ್ಲಿ ರೈಲು ಹತ್ತಿ ಕ್ಯಾತ್ಸಂದ್ರದಲ್ಲಿ ಇಳಿದು, ತಾಯಿಮಕ್ಕಳು ನಡೆದೇ ಮಠವನ್ನು ಮುಟ್ಟಿದೆವು. 1941ರಲ್ಲಿ ಮಠದ ಭಾರವನ್ನು ಹೊತ್ತ ಶಿವಕುಮಾರ ಸ್ವಾಮಿಗಳವರು ಆಗ ಎಪ್ಪತ್ತು ದಾಟಿದ್ದರು. ಸಾವಿರಾರು ಹುಡುಗರು ಸಾಲಾಗಿ ಕುಳಿತು ಉಣ್ಣುವುದನ್ನು ಕಂಡು ನಾನು ಬೆರಗಾಗಿ ನಿಂತಿದ್ದೆ. ಹೊರಡುವಾಗ ಅವ್ವ ಅಳಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಇಲ್ಲಿ ನೀನು ಉಣ್ಣೋ ತುತ್ತು ಯಾವಳೋ ತಾಯಿ ಮಕ್ಕಳ ಬಾಯಿಂದ ತೆಗೆದಿಟ್ಟ ಹಿಡಿ ಕಣಪ್ಪ. ತಟ್ಟೇಲಿ ಬಿಡಬೇಡ" ಎಂದಳು. ಅಲ್ಲಿ ಹಲವು ವರ್ಷ ಉಂಡೆನು, ಓದಿದೆನು. ವ್ಯಾಕರಣ, ಅಲಂಕಾರ, ಕಾವ್ಯಗಳನ್ನು ಅಭ್ಯಾಸ ಮಾಡಿ ವಿದ್ವಾನ್ ಎನಿಸಿಕೊಂಡು ಊರಿಗೆ ಮರಳಿದೆನು. 1992ರಿಂದ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತ ಬಂದಿದ್ದೇನೆ.

ಅಷ್ಟರಲ್ಲಿ ಯಲಹಂಕ ಯಲಹಂಕವಾಗಿ ಉಳಿದಿರಲಿಲ್ಲ. 1984ರಲ್ಲಿ ರೈಲುಗಾಲಿಯ ಕಾರ್ಖಾನೆ ಆರಂಭವಾಯಿತು, ಉಪನಗರ ಬೆಳೆಯಿತು, ರಾಗಿ ತೆನೆ ತೂಗುತ್ತಿದ್ದ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಎದ್ದವು. ನಮ್ಮ ಎರಡು ಎಕರೆಯೂ ಅಣ್ಣತಮ್ಮಂದಿರ ಪಾಲಾಗಿ, ಮಾರಾಟವಾಗಿ, ಕರಗಿತು. 2003ರಲ್ಲಿ ನಾನೊಂದು ತಾರಸಿ ಮನೆಯನ್ನು ಕಟ್ಟಿ ಅವ್ವನನ್ನು ಕರೆತಂದೆನು. ತಿಂಗಳಿಗೊಂದಾವರ್ತಿ ಅಂಗಡಿಯಿಂದ ರಾಗಿ ತಂದು ಗಿರಣಿಗೆ ಕಳುಹಿಸುವ ಪದ್ಧತಿ ಬಂದಿತು. ಹೊಸ ಅಡಿಗೆಮನೆಯ ನುಣುಪು ಕಲ್ಲಿನ ಮೇಲೆ ಆ ಹಳೆಯ ಗಡಿಗೆ ನನ್ನ ಕಣ್ಣಿಗೆ ಒಪ್ಪಲಿಲ್ಲ. "ಅವ್ವಾ, ಇದರಲ್ಲಿ ಹುಳು ಬೀಳುತ್ತೆ. ವರ್ಷಕ್ಕೊಮ್ಮೆ ನಾನೇ ಮಠಕ್ಕೆ ಚೆಕ್ಕು ಕಳಿಸ್ತೀನಿ, ಬಿಡು" ಎಂದೆನು.

ಅವ್ವ ನನ್ನ ಮುಖವನ್ನು ನೋಡಿ, "ನೀನು ಕಳಿಸೋದು ನಿನ್ನ ಲೆಕ್ಕ ಕಣಪ್ಪ. ನನ್ನ ಲೆಕ್ಕ ಯಾರು ತೀರಿಸೋರು?" ಎಂದಳು. ನಾನು ನಕ್ಕೆನು. ಗಡಿಗೆ ಅಟ್ಟವನ್ನು ಸೇರಿತು. ಎರಡು ವರ್ಷ ಚೆಕ್ಕನ್ನೂ ಕಳುಹಿಸಿದೆನು. ಮೂರನೆಯ ವರ್ಷ ಮನೆಯ ಸಾಲದ ಕಂತು, ಮಕ್ಕಳ ಓದಿನ ಖರ್ಚು ಎಂದು ತಡವಾಯಿತು. ಆಮೇಲೆ ಮರೆತೇಹೋಯಿತು.

2009ರಲ್ಲಿ ನನ್ನ ಮಡದಿ ಒಂದು ದಿನ, "ಅತ್ತೆಯವರು ಸೊರಗುತ್ತಿದ್ದಾರೆ, ರಾತ್ರಿ ಮುದ್ದೆ ಬೇಡವೆನ್ನುತ್ತಾರೆ" ಎಂದಳು. ವೈದ್ಯರಿಗೆ ತೋರಿಸಿದೆವು. ಕಾಯಿಲೆಯೇನೂ ಇಲ್ಲವೆಂದರು. ಕಡೆಗೆ ನಿಜವನ್ನು ಹೇಳಿದವಳು ಆಗ ಹನ್ನೊಂದು ವರ್ಷದವಳಾಗಿದ್ದ ನನ್ನ ಮಗಳು. ಅಜ್ಜಿ ಬಹಳ ವರ್ಷಗಳಿಂದ ರಾತ್ರಿ ಮುದ್ದೆ ಉಣ್ಣುತ್ತಿರಲಿಲ್ಲ. ಆ ಮುದ್ದೆಗೆ ತಗಲುವ ರಾಗಿಯಲ್ಲಿ ಒಂದು ಹಿಡಿಯನ್ನು ದಿನವೂ ಚೀಲದಿಂದ ತೆಗೆದು, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ, ಮಂಚದ ಕೆಳಗೆ ಇಡುತ್ತಿದ್ದಳು. ಶಿವರಾತ್ರಿಗೆ ಸಿದ್ಧಗಂಗೆಗೆ ಹೋಗುವ ನೆರೆಮನೆಯವರ ಕೈಯಲ್ಲಿ ಆ ಗಂಟು ಹೋಗುತ್ತಿತ್ತು. "ಅಪ್ಪನಿಗೆ ಹೇಳಬೇಡ, ನೊಂದುಕೊಳ್ತಾನೆ" ಎಂದು ಮೊಮ್ಮಗಳಿಂದ ಮಾತು ತೆಗೆದುಕೊಂಡಿದ್ದಳಂತೆ.

ನಾನು ಆಕೆಯ ಮುಂದೆ ಹೋಗಿ ನಿಂತೆನು. ಮಾತು ಹೊರಡಲಿಲ್ಲ. ಆಕೆಯೇ ತಪ್ಪಿತಸ್ಥಳಂತೆ, "ನಿನ್ನ ಮನೆ ಧಾನ್ಯ ಮುಟ್ಟಿಲ್ಲ ಕಣಪ್ಪ. ನನ್ನ ಪಾಲಿಂದು ಅಷ್ಟೆ" ಎಂದಳು.

ಹದಿನೇಳು ವರ್ಷಗಳಿಂದ ನಾನು ತರಗತಿಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಹೇಳುತ್ತ ಬಂದಿದ್ದೆನು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಬೇಕೆಂದು ಹಿಂದಕ್ಕೆ ಕಳುಹಿಸಿದ ಆ ಶರಣೆಯ ನಿಲುವನ್ನು ಮಕ್ಕಳು ಕಣ್ಣರಳಿಸಿ ಕೇಳುವಂತೆ ವರ್ಣಿಸುತ್ತಿದ್ದೆನು. ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆ ನಾಲ್ಕು ಅಂಕಗಳನ್ನೂ ಇಡುತ್ತಿದ್ದೆನು. ಲಕ್ಕಮ್ಮ ಹೆಚ್ಚಿನದನ್ನು ಮನೆಗೆ ಸೇರಿಸಲಿಲ್ಲ. ನಮ್ಮವ್ವ ತನ್ನ ತುತ್ತಿನಿಂದಲೇ ಪಾಲು ತೆಗೆದಳು. ಅದು ನನ್ನ ಅಡಿಗೆಮನೆಯಲ್ಲಿಯೇ, ಆರು ವರ್ಷ, ನನಗೆ ತಿಳಿಯದಂತೆ ನಡೆದಿತ್ತು. ಯಾರೋ ತಾಯಂದಿರ ಹಿಡಿಯನ್ನು ಉಂಡು ವಿದ್ವಾಂಸನಾದ ನಾನೇ ನಮ್ಮ ತಾಯಿಯ ಹಿಡಿಯನ್ನು ತಡೆದಿದ್ದೆನು.

ಮರುದಿನ ನನ್ನ ಮಡದಿ ಗಡಿಗೆಯನ್ನು ಇಳಿಸಿ, ತೊಳೆದು, ಒಣಗಿಸಿ, ಹಳೆಯ ಮೂಲೆಯ ಬದಲು ದೇವರ ಗೂಡಿನ ಪಕ್ಕದಲ್ಲಿಟ್ಟಳು. ಆ ರಾತ್ರಿ ಅವ್ವ ಇಡೀ ಮುದ್ದೆಯನ್ನು ಉಂಡಳು. ಆ ವಿಷಯವನ್ನು ಆಕೆ ಮತ್ತೆ ಎತ್ತಲಿಲ್ಲ. ನನಗೆ ಕ್ಷಮೆ ಕೇಳುವ ಅವಕಾಶವನ್ನೂ ಕೊಡಲಿಲ್ಲ.

2019ರ ಜನವರಿ 21ರಂದು ಶಿವಕುಮಾರ ಸ್ವಾಮಿಗಳವರು ನೂರಹನ್ನೊಂದರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಸುದ್ದಿಯನ್ನು ದೂರದರ್ಶನದಲ್ಲಿ ಕೇಳಿ ಮನೆಯೆಲ್ಲ ಮೌನವಾಯಿತು. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಮಕ್ಕಳು ಉಂಡವಾ?" ಮಕ್ಕಳ ಊಟವಾದ ಮೇಲೆಯೇ ವಾರ್ತೆಯನ್ನು ಹೊರಗೆ ಹೇಳಬೇಕೆಂಬುದು ಶ್ರೀಗಳ ಇಚ್ಛೆಯಾಗಿತ್ತೆಂದೂ, ಅದರಂತೆಯೇ ನಡೆಯಿತೆಂದೂ ಪತ್ರಿಕೆಗಳು ಬರೆದವು. ಓದಿ ಹೇಳಿದೆನು. ತಲೆಯಾಡಿಸಿ, ಕಣ್ಣೊರೆಸಿಕೊಂಡು, ಪೂಜೆಗೆ ಎದ್ದಳು.

ಕಡೆಯ ದಿನಗಳಲ್ಲಿ ಆಕೆಯ ಬೆರಳುಗಳು ಮಡಿಯುತ್ತಿರಲಿಲ್ಲ. ಗಡಿಗೆಗೆ ರಾಗಿ ಹಾಕುವ ಕೆಲಸ ಮೊಮ್ಮಗಳ ಪಾಲಿಗೆ ಬಂದಿತ್ತು. ಮಲಗಿದ್ದಲ್ಲಿಂದಲೇ ನೋಡಿ, "ನಿನ್ನ ಕೈ ಸಣ್ಣದು ಕಣವ್ವ, ಒಂದೂವರೆ ಹಿಡಿ ಹಾಕು" ಎಂದು ತಿದ್ದುತ್ತಿದ್ದಳು. ಎಂಟು ದಿನ ಮಾತ್ರ ಹಾಸಿಗೆ ಹಿಡಿದು, ಒಂದು ಬೆಳಗಿನ ಜಾವ ಲಿಂಗದಲ್ಲಿ ಒಂದಾದಳು. ಊರ ರುದ್ರಭೂಮಿಯಲ್ಲಿ, ತಂದೆಯವರ ಪಕ್ಕದಲ್ಲಿ, ವಿಭೂತಿ ಬಿಲ್ವಪತ್ರೆಗಳೊಡನೆ ಆಕೆಯನ್ನು ಮಣ್ಣಿಗೆ ಒಪ್ಪಿಸಿದೆವು.

ವಿದ್ಯಾರ್ಥಿನಿಲಯದಲ್ಲಿ ಉಣ್ಣುವ ನನ್ನ ಪ್ರಿಯ ಮಕ್ಕಳೇ, ದಾಸೋಹವೆಂಬ ಶಬ್ದಕ್ಕೆ ನಾನು ಬರೆಯಿಸಿದ ಟಿಪ್ಪಣಿ ನಿಮ್ಮ ಪುಸ್ತಕದಲ್ಲಿದೆ. ಅದನ್ನು ಪರೀಕ್ಷೆಗೆ ಇಟ್ಟುಕೊಳ್ಳಿರಿ. ನಿಮ್ಮ ತಟ್ಟೆಯ ಅನ್ನದ ಹಿಂದೆ ಹೆಸರು ಹೇಳಿಕೊಳ್ಳದ ಯಾವಳೋ ತಾಯಿಯ ಹಿಡಿ ಇರುತ್ತದೆ. ಅದನ್ನು ತಟ್ಟೆಯಲ್ಲಿ ಬಿಡಬೇಡಿರಿ. ಮನೆಗೆ ಹೋದಾಗ ನಿಮ್ಮ ಅಜ್ಜಿಯರು ರಾತ್ರಿ ಉಂಡರೇ ಎಂದು ಒಮ್ಮೆ ವಿಚಾರಿಸಿರಿ. ನಾನು ತಡವಾಗಿ ವಿಚಾರಿಸಿದವನು.