ಇಬ್ಬರ ನಡುವಣ ಸ್ಥಳ

ಸಂಸ್ಕೃತದ ಉಪಾಧ್ಯಾಯರಾಗಿ ಮೂವತ್ತೆರಡು ವರ್ಷಗಳ ಕಾಲ ಪಾಠ ಹೇಳಿ, ಈಚೆಗೆ ವಿಶ್ರಾಂತಿಯನ್ನು ಪಡೆದಿರುವ ನಾವು ಬ್ಯಾಸ್ಕೆಟ್‌ಬಾಲ್ ಆಟವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರು ನಗಬಹುದು. ಶಬ್ದಮಂಜರಿಗೂ ಚೆಂಡಿಗೂ ಸಂಬಂಧವೇನೆಂದು ಕೇಳಬಹುದು. ಸಂಬಂಧವುಂಟು. ಅದನ್ನು ತಿಳಿಯಲು ನಮಗೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು; ಅಷ್ಟು ಕಾಲವೂ ಒಬ್ಬ ಹುಡುಗನಿಗೆ ನಾವು ಮಾಡಿದ್ದ ಅನ್ಯಾಯವು ನಮಗೆ ಅನ್ಯಾಯವೆಂದೇ ತೋರಿರಲಿಲ್ಲ.

2003ನೆಯ ಇಸವಿಯ ಮಾತು. ಹಳೆಯ ಮೈಸೂರು ಸೀಮೆಯ ಒಂದು ತಾಲ್ಲೂಕು ಪಟ್ಟಣದ ಪ್ರೌಢಶಾಲೆಯಲ್ಲಿ ನಾವಿದ್ದೆವು. ಅಲ್ಲಿನ ವ್ಯಾಯಾಮದ ಉಪಾಧ್ಯಾಯರಿಗೆ ವರ್ಗವಾಗಿ, ಅವರ ಸ್ಥಾನಕ್ಕೆ ಬೇರೊಬ್ಬರು ಬಾರದಿರಲು, ಮುಖ್ಯೋಪಾಧ್ಯಾಯರು ನಮ್ಮನ್ನು ಕರೆದು, "ಪಂಡಿತರೇ, ಸಾಯಂಕಾಲ ನಿಮಗೆ ಬಿಡುವುಂಟು. ಪಂದ್ಯಗಳು ಮುಗಿಯುವವರೆಗೆ ಹುಡುಗರನ್ನು ನೋಡಿಕೊಳ್ಳಿ" ಎಂದರು. ಹಿಂದಿನವರು ಬಿಟ್ಟುಹೋಗಿದ್ದ ಒಂದು ಟಿಪ್ಪಣಿಯ ಪುಸ್ತಕವೇ ನಮಗೆ ಆಧಾರವಾಯಿತು. ಅದರ ಒಂದು ಪುಟದಲ್ಲಿ ಮುಂದೆ ಎರಡು, ಹಿಂದೆ ಮೂರು, ಹೀಗೆ ಐದು ಸೊನ್ನೆಗಳನ್ನು ಬರೆದು, ಮೇಲೆ ‘ಝೋನ್’ ಎಂದು ಗುರುತು ಮಾಡಿದ್ದರು.

ಆಟವನ್ನು ಅರಿಯದ ವಾಚಕರಿಗಾಗಿ ಎರಡು ಮಾತುಗಳನ್ನು ಹೇಳಬೇಕಾಗಿದೆ. 1891ನೆಯ ಇಸವಿಯ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡಲೆಂದು ಈ ಆಟವನ್ನು ಕಲ್ಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಕಟ್ಟಿದರು. ಬುಟ್ಟಿ ಹೋಗಿ ಕಬ್ಬಿಣದ ಬಳೆ ಬಂದಿದ್ದರೂ ಎತ್ತರವು ಇಂದಿಗೂ ಅಷ್ಟೇ. ಈಗ ಒಂದೊಂದು ಪಕ್ಷಕ್ಕೂ ಐವರು. ಎದುರಾಳಿಗಳು ಬುಟ್ಟಿಗೆ ಚೆಂಡು ಹಾಕದಂತೆ ತಡೆಯಲು ಎರಡು ಕ್ರಮಗಳುಂಟು. ಒಬ್ಬೊಬ್ಬನೂ ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತುವುದು ಒಂದು. ಎದುರಾಳಿ ಯಾರೇ ಆಗಲಿ, ತನ್ನ ಪಾಲಿನ ಸ್ಥಳಕ್ಕೆ ಬಂದವನನ್ನು ತಡೆಯುವುದು ಇನ್ನೊಂದು. ಇದೇ ಝೋನ್, ಎಂದರೆ ವಲಯರಕ್ಷಣೆ. ಅಮೆರಿಕದ ವೃತ್ತಿಪರ ಆಟಗಾರರ ಸಂಘವು ಈ ಎರಡನೆಯ ಕ್ರಮವನ್ನು 1947ರಲ್ಲಿ ನಿಷೇಧಿಸಿ, 2001ರಲ್ಲಿ ಮರಳಿ ಅನುಮತಿಯಿತ್ತಿತು. ಎಳೆಯ ಮಕ್ಕಳು ಮೊದಲು ಆಳನ್ನು ಕಾಯುವುದನ್ನು ಕಲಿಯಲಿ ಎಂದು, ಅವರ ಪಂದ್ಯಗಳಲ್ಲಿ ಇದನ್ನು ಬೇಡವೆನ್ನುವ ದೇಶಗಳೂ ಉಂಟು.

ನಮಗಾದರೋ ಆ ಐದು ಸೊನ್ನೆಗಳನ್ನು ಕಂಡೊಡನೆ ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣವು ನೆನಪಿಗೆ ಬಂದಿತು. ಅಲ್ಲಿ ದಂಡ, ಭೋಗ, ಮಂಡಲ, ಅಸಂಹತವೆಂದು ವ್ಯೂಹಗಳನ್ನು ವಿಂಗಡಿಸಿರುವನಷ್ಟೆ. ಇದೂ ಒಂದು ವ್ಯೂಹವೇ ಎಂದು ಹಿಗ್ಗಿ, ಸೀಮೆಸುಣ್ಣದಿಂದ ಸಿಮೆಂಟಿನ ಅಂಗಣವನ್ನು ಐದು ಪಾಲು ಮಾಡಿ, "ನಿನ್ನ ಗೆರೆಯನ್ನು ನೀನು ದಾಟಕೂಡದು, ಇನ್ನೊಬ್ಬನ ಪಾಲಿಗೆ ಕೈ ಹಾಕಕೂಡದು" ಎಂದು ವಿಧಿಸಿದೆವು. ಹುಡುಗರು ಆಡುವಾಗ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ನಮ್ಮ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆಂಬ ಖ್ಯಾತಿ ನಮಗಿದ್ದಿತು. ಅಂಗಣದಲ್ಲಿಯೂ ಅದನ್ನೇ ನಡೆಸಿದೆವು. ಬಾಯಿ ಬಿಟ್ಟವನು ಅಂಗಣದ ಸುತ್ತ ಐದು ಸುತ್ತು ಓಡಬೇಕೆಂದು ಗೊತ್ತುಮಾಡಿದೆವು. ಮೂರೇ ದಿನಗಳಲ್ಲಿ ಅಂಗಣವು ತಪೋವನದಂತಾಯಿತು.

ತಾಲ್ಲೂಕಿನ ಪಂದ್ಯಗಳಲ್ಲಿ ಗೆದ್ದೆವು. ದೂರದಿಂದ ಗುರಿಯಿಟ್ಟು ಎಸೆಯಬಲ್ಲವರು ಎದುರಾಳಿಗಳಲ್ಲಿ ಇರಲಿಲ್ಲವಾದ ಕಾರಣ ಗೆದ್ದೆವೆಂಬುದು ಈಗ ತಿಳಿಯುತ್ತದೆ. ಆಗ ಅದು ನಮ್ಮ ವ್ಯೂಹದ ಮಹಿಮೆಯೆಂದುಕೊಂಡಿದ್ದೆವು. ಜಿಲ್ಲೆಯ ಪಂದ್ಯದಲ್ಲಿ ಕೊನೆಯ ನಿಮಿಷದವರೆಗೂ ನಾವು ಒಂದು ಅಂಕದಿಂದ ಮುಂದಿದ್ದೆವು. ಅಷ್ಟರಲ್ಲಿ ಅವರ ಹುಡುಗನೊಬ್ಬನು ಮೆಲ್ಲಗೆ ಬಂದು ಫ್ರೀ ಥ್ರೋ ಗೆರೆಯ ಮೇಲೆ, ನಮ್ಮ ಮುಂದಿನ ಇಬ್ಬರ ಬೆನ್ನ ಹಿಂದೆ, ಹಿಂದಿನ ಮೂವರಿಗಿಂತ ಮುಂದೆ ನಿಂತುಕೊಂಡನು. ಅದು ಯಾರ ಪಾಲಿನ ನೆಲವೂ ಅಲ್ಲ. ಚೆಂಡು ಅವನ ಕೈಗೆ ಬಂದಿತು. ಮುಂದಿನ ಇಬ್ಬರೂ ತಿರುಗಿ ಒಬ್ಬರ ಮುಖವನ್ನೊಬ್ಬರು ನೋಡಿದರು. ಹಿಂದಿನ ಸಾಲಿನ ನಡುವೆ ನಿಂತಿದ್ದ ನಮ್ಮ ಎತ್ತರದ ಹುಡುಗನು ಒಂದು ಕ್ಷಣ ಗೆರೆಯ ಬಳಿ ತಡೆದು, ಆಮೇಲೆ ನುಗ್ಗಿದನು. ಆ ವೇಳೆಗೆ ಚೆಂಡು ಬಳೆಯೊಳಗೆ ಇಳಿದಿದ್ದಿತು.

ಒಂದು ಅಂಕದಿಂದ ಸೋತೆವು. ನಾವು ಆ ಹುಡುಗನನ್ನು, ಅವನ ಗೆಳೆಯರ ಎದುರಿಗೂ ನೋಡಲು ಬಂದಿದ್ದ ಅವನ ತಂದೆಯ ಎದುರಿಗೂ ನಿಲ್ಲಿಸಿ, "ನಡುವೆ ನಿಂತವನು ನೀನು. ನಿದ್ರಿಸುತ್ತಿದ್ದೆಯಾ?" ಎಂದು ಗದರಿದೆವು. ಅವನು ತಲೆ ತಗ್ಗಿಸಿದನೇ ಹೊರತು ಮಾತನಾಡಲಿಲ್ಲ. ತಪ್ಪನ್ನು ಒಪ್ಪಿಕೊಂಡನೆಂದು ನಾವು ಭಾವಿಸಿದೆವು. ಮರುದಿನದಿಂದ ಅವನು ಅಂಗಣಕ್ಕೆ ಬರಲಿಲ್ಲ. ಮಾರ್ಚಿ ತಿಂಗಳ ಪರೀಕ್ಷೆ ಮುಗಿಸಿಕೊಂಡು ಶಾಲೆಯನ್ನೂ ಬಿಟ್ಟುಹೋದನು.

ಈಚೆಗೆ ನಮ್ಮ ಅಕ್ಕನ ಮೊಮ್ಮಗನು ರಜಕ್ಕೆ ಬಂದವನು, ನಮಗೂ ಈ ಆಟದ ಪರಿಚಯವುಂಟೆಂದು ತಿಳಿದು, ತನ್ನ ಮೊಬೈಲಿನಲ್ಲಿ ಒಂದು ಹಳೆಯ ಪಂದ್ಯವನ್ನು ತೋರಿಸಿದನು. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾನಿಲಯದಲ್ಲಿ 1976ರಿಂದ 2023ರವರೆಗೆ ತರಬೇತಿದಾರರಾಗಿದ್ದ ಜಿಮ್ ಬೋಹೈಮ್ ಎಂಬವರು ಈ ಎರಡು-ಮೂರರ ವ್ಯೂಹಕ್ಕೇ ಹೆಸರಾದವರು. ನಾವು ಸೋತ 2003ನೆಯ ಇಸವಿಯಲ್ಲಿಯೇ, ಏಪ್ರಿಲ್ ತಿಂಗಳಲ್ಲಿ, ಅವರ ತಂಡವು ಕ್ಯಾನ್ಸಸ್ ತಂಡವನ್ನು 81ಕ್ಕೆ 78ರಿಂದ ಸೋಲಿಸಿ ರಾಷ್ಟ್ರದ ಕಾಲೇಜು ಪ್ರಶಸ್ತಿಯನ್ನು ಪಡೆಯಿತು. ಕೊನೆಯ ಕ್ಷಣಗಳಲ್ಲಿ ಕ್ಯಾನ್ಸಸ್ಸಿನವನು ಮೂರು ಅಂಕಕ್ಕೆಂದು ದೂರದಿಂದ ಎಸೆದ ಚೆಂಡನ್ನು ಹಕೀಂ ವಾರಿಕ್ ಎಂಬ ತರುಣನು ಒಳಗಿನಿಂದ ಹಾರಿಬಂದು ತಡೆದನು. ಅವನು ಹಿಂದಿನ ಸಾಲಿನವನು! ಅವನಿಗೆ ನಮ್ಮ ಸೀಮೆಸುಣ್ಣದ ಗೆರೆಯಿದ್ದಿದ್ದರೆ ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಆಗ ನಾವು ಲೆಕ್ಕ ಹಾಕಿದೆವು. ಅಂಗಣವು 28 ಮೀಟರು ಉದ್ದ, 15 ಮೀಟರು ಅಗಲ. ಕಾಯಬೇಕಾದ ಅರ್ಧವು 210 ಚದರ ಮೀಟರು. ಐವರಿಗೆ ಹಂಚಿದರೆ ತಲಾ 42. ಯಾವ ಹುಡುಗನು ತೋಳು ಚಾಚಿ ಇಷ್ಟನ್ನು ಮುಚ್ಚಬಲ್ಲನು? ಆದುದರಿಂದ ಚೆಂಡು ಚಲಿಸಿದಾಗಲೆಲ್ಲ ಐವರೂ ಚಲಿಸಬೇಕು. ಚೆಂಡು ಮೂಲೆಗೆ ಹೋದರೆ ಆ ಕಡೆಯ ಹಿಂದಿನವನು ಮೂಲೆಗೆ ಹೋಗಬೇಕು; ನಡುವಿನವನು ಅವನು ಬಿಟ್ಟ ಕಡೆಗೆ ಸರಿಯಬೇಕು; ಆಚೆಯವನು ಬುಟ್ಟಿಯ ಕೆಳಕ್ಕೆ ಬರಬೇಕು; ಮುಂದಿನವನೊಬ್ಬನು ಹಿಂದೆ ಸರಿದು ಫ್ರೀ ಥ್ರೋ ಗೆರೆಯ ಬಳಿಯ ಬರಿದಾದ ಎಡೆಯನ್ನು ತುಂಬಬೇಕು. ಮುಂದಿನವನಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಿಂದಿನ ಸಾಲಿನ ನಡುವೆ ನಿಂತವನಿಗೆ ಮಾತ್ರ ಎಲ್ಲವೂ ಕಾಣುವುದು. ಅವನು ಕೂಗಿ ಹೇಳದಿದ್ದರೆ ವ್ಯೂಹವು ಕುರುಡಾಗುವುದು.

ಎರಡು ವರ್ಣಗಳು ಸಂಧಿಸುವಲ್ಲಿ ಎರಡೂ ಇದ್ದಂತೆಯೇ ಇರಲಾರವು. ಒಂದು ಲೋಪವಾಗಬೇಕು, ಇಲ್ಲವೆ ಒಂದು ಇನ್ನೊಂದಾಗಬೇಕು, ಇಲ್ಲವೆ ಎರಡೂ ಕೂಡಿ ಮೂರನೆಯದಾಗಬೇಕು. ಇದನ್ನು ಮೂವತ್ತೆರಡು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾವು, ಅಂಗಣದಲ್ಲಿ ಐದು ಪದಗಳನ್ನು ಸಂಧಿಯಿಲ್ಲದೆ ನಿಲ್ಲಿಸಿದ್ದೆವು. ಈ ಮಾತನ್ನು ಮನೆಯಲ್ಲಿ ಹೇಳಲು, ನಮ್ಮ ಗೃಹಿಣಿಯು, "ಇದಕ್ಕೆ ವ್ಯಾಕರಣವೇಕೆ? ಮೊನ್ನೆ ಹಾಲು ಉಕ್ಕಿಹೋಗಲಿಲ್ಲವೇ? ಸೊಸೆ ನೋಡುತ್ತಾಳೆಂದು ನಾನು ಹಿತ್ತಿಲಿಗೆ ಹೋದೆ; ಅತ್ತೆ ನೋಡುತ್ತಾರೆಂದು ಅವಳು ಮಗುವಿನ ಬಳಿ ಹೋದಳು. ಒಂದು ಮಾತು ಹೇಳಿ ಹೋಗಿದ್ದರೆ ಮುಗಿಯುತ್ತಿತ್ತು" ಎಂದಳು.

ಆ ಹುಡುಗನು ಈಗ ಅದೇ ಊರಿನಲ್ಲಿ ವಿದ್ಯುತ್ ಸಾಮಾನುಗಳ ಅಂಗಡಿಯಿಟ್ಟಿರುವನೆಂದು ವಿಚಾರಿಸಿ ತಿಳಿದು, ಬಸ್ಸು ಹತ್ತಿ ಹೋದೆವು. ಅವನು ನಮ್ಮನ್ನು ಗುರುತಿಸಿ, ಎದ್ದು ನಮಸ್ಕರಿಸಿ, ಕುರ್ಚಿ ಹಾಕಿದನು. ನಾವು ಪೀಠಿಕೆಯಿಲ್ಲದೆ, "ಅಪ್ಪಾ, ಆ ದಿನ ತಪ್ಪು ನಿನ್ನದಾಗಿರಲಿಲ್ಲ, ನಾವು ಕಲಿಸಿದುದೇ ತಪ್ಪು" ಎಂದೆವು.

ಯಾವ ದಿನವೆಂದು ಅವನು ಕೇಳಲಿಲ್ಲ. ಕೈಯಲ್ಲಿದ್ದ ತಂತಿಯ ಸುರುಳಿಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಅಲ್ಲಿ ಬಂದು ನಿಂತದ್ದನ್ನು ನಾನು ಮೊದಲೇ ಕಂಡಿದ್ದೆ ಮೇಷ್ಟ್ರೇ. ಕೂಗೋಣವೆಂದು ಬಾಯಿ ತೆರೆದೆ. ನೀವು ನೋಡುತ್ತಿದ್ದಿರಿ" ಎಂದನು.

ನಮಗೆ ಉತ್ತರ ತೋಚಲಿಲ್ಲ. ತಪ್ಪು ಗೆರೆಯಲ್ಲಿದೆ ಎಂದು ಒಪ್ಪಿಕೊಳ್ಳಲು ಹೋಗಿದ್ದೆವು. ಅದು ನಮ್ಮ ದೃಷ್ಟಿಯಲ್ಲಿದ್ದಿತೆಂಬುದನ್ನು ಅವನಿಂದ ಕೇಳಿ ತಿಳಿದೆವು. ನಮ್ಮ ಹೆಮ್ಮೆಯ ನಿಶ್ಶಬ್ದ ತರಗತಿಗಳಲ್ಲಿ ಇನ್ನೆಷ್ಟು ಮಕ್ಕಳು, ಬರುತ್ತಿದ್ದ ತಪ್ಪನ್ನು ಕಂಡೂ ಬಾಯಿ ಮುಚ್ಚಿಕೊಂಡಿದ್ದರೋ ಎಂದು ಆಗ ಮೊದಲ ಬಾರಿಗೆ ಅನ್ನಿಸಿತು.

ಅವನು ಕಾಫಿ ತರಿಸಿದನು. ಆಮೇಲೆ, ತಾನು ಸಂಜೆಯ ಹೊತ್ತು ಆ ಅಂಗಣದಲ್ಲಿಯೇ ಊರಿನ ಹೆಣ್ಣುಮಕ್ಕಳಿಗೆ ಆಟ ಕಲಿಸುತ್ತಿರುವುದಾಗಿಯೂ, ತನ್ನ ಮಗಳೂ ಅವರಲ್ಲಿ ಒಬ್ಬಳೆಂದೂ ಹೇಳಿ, "ಬಂದು ನೋಡಿ ಹೋಗಿ" ಎಂದನು. ಹೋದೆವು. ಕಲ್ಲಿನ ಜಗಲಿಯ ಮೇಲೆ ಕುಳಿತೆವು. ಮುಂದೆ ಇಬ್ಬರು, ಹಿಂದೆ ಮೂವರು. ನೆಲದ ಮೇಲೆ ಪಾಲಿನ ಗೆರೆಯಿರಲಿಲ್ಲ. ಚೆಂಡು ಮೂಲೆಗೆ ಹಾರಿತು. ಹಿಂದಿನ ಸಾಲಿನಲ್ಲಿದ್ದ ಅವನ ಮಗಳು, ಗಂಟಲು ಹರಿಯುವಂತೆ, "ನಡುವೆ ಬಂದಳು! ನಡುವೆ!" ಎಂದು ಕೂಗಿದಳು. ಮುಂದಿದ್ದ ಹುಡುಗಿಯು ತಲೆಯನ್ನು ಕೂಡ ತಿರುಗಿಸದೆ ಎರಡು ಹೆಜ್ಜೆ ಹಿಂದೆ ಸರಿದು ಆ ಎಡೆಯನ್ನು ಮುಚ್ಚಿದಳು. ಚೆಂಡು ಬಂದ ದಾರಿಯಲ್ಲೇ ಹಿಂದಿರುಗಿತು.

ಗದ್ದಲವು ಬಹಳವಾಗಿದ್ದಿತು. ಅಭ್ಯಾಸಬಲದಿಂದ ನಮ್ಮ ಬೆರಳು ತುಟಿಯ ಕಡೆಗೆ ಏರಿತು. ಅದನ್ನು ಅಲ್ಲಿಯೇ ತಡೆದು, ಕತ್ತಲಾಗುವವರೆಗೆ ಕುಳಿತು ಕೇಳಿದೆವು.